ನರದ ನೋವಿಗೆ ಕರೆಂಟಿನ ಸೂಜಿ
(ಡೊಂಬಿವಲಿಯಲ್ಲಿ ಹೋಟೆಲ್ ಕೆಲಸಗಾರರ ಕೂಟದಲ್ಲಿ ಮಾಡಿದ ಭಾಷಣ)



ನಾನು ಡಾಕ್ಟರನಲ್ಲ. ಏಳನೆಯ ಇಯತ್ತೆ ಮುಗಿಸಿ, ಠಾಣೆಯ ಹೋಟೆಲೊಂದರಲ್ಲಿ ಲೋಟ ತೊಳೆಯಲು ಸೇರಿದವನು. ಆದರೂ ಈ ವಿಷಯ ಎತ್ತಿಕೊಳ್ಳಲು ಕಾರಣವಿದೆ. ಕಲ್ಯಾಣದ ನಮ್ಮ ಅಡಿಗೆ ಭಟ್ಟರೊಬ್ಬರಿಗೆ ಸೊಂಟದಿಂದ ಹಿಮ್ಮಡಿಯವರೆಗೆ ಬೆಂಕಿ ಹರಿದಂತೆ ನೋವು. ಇಪ್ಪತ್ತು ವರ್ಷ ದೋಸೆ ಕಾವಲಿಯ ಮುಂದೆ ನಿಂತ ಕಾಲು ಅದು. ಯಾರೋ "ಕರೆಂಟಿನ ಸೂಜಿ ಹಾಕಿಸಿದರೆ ಒಂದೇ ದಿನದಲ್ಲಿ ವಾಸಿ" ಎಂದರಂತೆ. ಭಟ್ಟರು ಊರಿನ ಗದ್ದೆ ಅಡವಿಡಲು ಹೊರಟಿದ್ದರು. ಸ್ವಲ್ಪ ತಡೆಯಿರಿ ಎಂದು ಹೇಳಿ, ತಿಳಿದವರನ್ನು ಕೇಳಿಕೊಂಡು ಬಂದೆ.

ಸೂಜಿಯೇನೋ ಸುಳ್ಳಲ್ಲ. ಪಲ್ಸ್ಡ್ ರೇಡಿಯೋಫ್ರೀಕ್ವೆನ್ಸಿ ಎಂದು ಅದರ ಹೆಸರು. ೧೯೯೮ರಲ್ಲಿ ಹಾಲೆಂಡಿನ ಸ್ಲೈಟರ್ ಎಂಬ ವೈದ್ಯರೂ ಅವರ ಜತೆಯವರೂ ಇದನ್ನು ಮೊದಲು ಬರೆದು ಪ್ರಕಟಿಸಿದರು. ಆ ಜಾಗವನ್ನಷ್ಟೇ ಮರಗಟ್ಟಿಸಿ, ಎಕ್ಸ್‌ರೇ ಪರದೆ ನೋಡುತ್ತ ಸೂಜಿಯ ತುದಿಯನ್ನು ನರದ ಪಕ್ಕಕ್ಕೆ ಒಯ್ಯುತ್ತಾರೆ. ವಿದ್ಯುತ್ತು ಸೆಕೆಂಡಿಗೆ ಎರಡು ಸಲ, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಹರಿಯುತ್ತದೆ, ನಡುವೆ ಬಿಡುವು. ಇದಕ್ಕಿಂತ ಹಳೆಯ ರೀತಿಯಲ್ಲಿ ಸುಮಾರು ೮೦ ಡಿಗ್ರಿ ಕಾಯಿಸಿ ನರವನ್ನು ಸುಡುತ್ತಾರೆ. ಇಲ್ಲಿ ಕಾವು ೪೨ ಡಿಗ್ರಿ ದಾಟದಂತೆ ನೋಡಿಕೊಳ್ಳುತ್ತಾರೆ. ಒಲೆ ಒಂದೇ ಸಮನೆ ಉರಿದರೆ ಹಾಲು ಉಕ್ಕುತ್ತದೆ, ಆಗಾಗ ಆರಿಸಿದರೆ ಬೆಚ್ಚಗಷ್ಟೇ ಆಗುತ್ತದಲ್ಲವೆ, ಹಾಗೆ. ನೋವಿನ ಸುದ್ದಿ ಮಿದುಳಿಗೆ ಹೋಗುವುದು ಇದರಿಂದ ತಗ್ಗುತ್ತದೆ. ಏಕೆಂಬುದು ವೈದ್ಯರಿಗೂ ಪೂರ್ತಿ ಬಗೆಹರಿದಿಲ್ಲ.

ಆದರೆ "ವಾಸಿ" ಎಂಬ ಮಾತು ಮಾತ್ರ ಮೋಸ. ಕೆಲವರಿಗೆ ಕೆಲವು ತಿಂಗಳ ಬಿಡುಗಡೆ, ಕೆಲವರಿಗೆ ಏನೂ ಇಲ್ಲ. ಕುತ್ತಿಗೆಯಿಂದ ತೋಳಿಗಿಳಿಯುವ ನೋವು, ಸರ್ಪಸುತ್ತಿನ ಮೇಲೆ ಉಳಿಯುವ ಉರಿ, ಇವುಗಳಲ್ಲಿ ಹೆಚ್ಚು ಆಶೆ ಕಂಡಿದೆ. ಬೆನ್ನುಮೂಳೆಯ ನಡುವಿನ ಬಿಲ್ಲೆ ಜಾರಿದ್ದರೆ ಸೂಜಿ ಅದನ್ನು ಒಳಕ್ಕೆ ತಳ್ಳಲಾರದು. ಹೊಸದಾಗಿ ಬಂದ ಕಾಲುನೋವು ಎಷ್ಟೋ ಜನಕ್ಕೆ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಕಾಲಿನ ಬಲ ಸೋತರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ ಮಾತ್ರ ಅದೇ ದಿನ ದೊಡ್ಡ ಆಸ್ಪತ್ರೆಗೆ ಓಡಬೇಕು, ಪಾಳಿ ಮುಗಿಯಲೆಂದು ಕಾಯಬಾರದು.

ಗದ್ದೆಗೆ ಕೈ ಹಾಕುವ ಮೊದಲು ಇ.ಎಸ್.ಐ. ಕಾರ್ಡು ಎಲ್ಲಿದೆ ಎಂದು ಭಟ್ಟರನ್ನು ಕೇಳಿದೆ. ೨೦೧೯ರ ಜುಲೈಯಲ್ಲಿ ಅದರ ವಂತಿಗೆ ಇಳಿಸಿ, ಸಂಬಳದ ನೂರು ರೂಪಾಯಿಗೆ ನಮ್ಮದು ಮುಕ್ಕಾಲು, ಧಣಿಯದು ಮೂರೂಕಾಲು ಎಂದು ಗೊತ್ತುಮಾಡಿದರು. ಭಟ್ಟರ ಹೆಸರು ದಾಖಲೆಯಾಗಿರಲೇ ಇಲ್ಲ! ಬುಧವಾರ ಮೂರು ಗಂಟೆಗೆ, ಊಟದ ಗಿರಾಕಿ ತಗ್ಗಿದ ಮೇಲೆ, ಆ ಧಣಿಯ ಗಲ್ಲಾದ ಮುಂದೆ ನಾನು ನಿಲ್ಲುವವನಿದ್ದೇನೆ. ರಜೆ ಇರುವವರು ಇಬ್ಬರು ಮೂವರು ಜತೆಗೆ ಬನ್ನಿ.