ಟೊಂಕ ನೋವು ಮತ್ತು ಪಾಯಾಳುವಿನ ಕಾಲು



ನಾನು ಡಾಕ್ಟರನಲ್ಲ. ಮ್ಯಾಟ್ರಿಕ್ ಪಾಸಾಗಿ, ಬ್ಯಾಂಕಿನಲ್ಲಿ ಕ್ಲಾರ್ಕನಾಗಿ ದುಡಿದು 2019ರಲ್ಲಿ ನಿವೃತ್ತನಾದವನು. ಆದರೂ ಟೊಂಕ ನೋವಿನ ಬಗ್ಗೆ ಮಾತನಾಡಲು ನನಗೆ ಎರಡು ಕಾರಣಗಳಿವೆ. ಒಂದು, ಆ ನೋವು ನನಗೇ ಇದೆ. ಇನ್ನೊಂದು, ನಾನು ಪಾಯಾಳು. ತಲೆಯ ಬದಲು ಕಾಲು ಮುಂದಾಗಿ ಹುಟ್ಟಿದವರಿಗೆ ಮರಾಠಿಯಲ್ಲಿ ಹಾಗೆನ್ನುತ್ತಾರೆ. ಅಕ್ಕಲಕೋಟೆ ಕಡೆಯ ನಾವು ಕನ್ನಡದವರೂ ಅದೇ ಶಬ್ದ ಬಳಸುತ್ತೇವೆ. ಪಾಯಾಳು ಕಾಲಿನಿಂದ ಬೆನ್ನು ಮುಟ್ಟಿದರೆ ಚಮಕ ಬಿಡುತ್ತದೆಂದು ನಮ್ಮ ಹಳ್ಳಿಗಳಲ್ಲಿ ನಂಬಿಗೆ. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗಿನಿಂದಲೂ ನಸುಕಿನಲ್ಲಿ ಯಾರಾದರೂ ಬಾಗಿಲಿಗೆ ಬಂದು, "ತಮ್ಮಾ, ಚಮಕ ಹಿಡದದ, ಒಂದೀಟು ಕಾಲು ಹಚ್ಚೋ" ಅನ್ನುತ್ತಿದ್ದರು. ಹಿರಿಯರ ಬೆನ್ನಿಗೆ ಕಾಲು ತಾಗಿಸಲು ನನಗೆ ನಾಚಿಕೆ. ಅವ್ವ ಗದರಿಸಿ ಕಳಿಸುತ್ತಿದ್ದಳು. ಕಾಲು ಹಚ್ಚಿ, ಕೂಡಲೇ ಅವರಿಗೆ ನಮಸ್ಕಾರ ಮಾಡುತ್ತಿದ್ದೆ. ಅವರು ಒಂದು ಹಿಡಿ ಶೇಂಗಾ ಕೊಟ್ಟು ಹೋಗುತ್ತಿದ್ದರು.

ಬಹಳಷ್ಟು ಜನರಿಗೆ ಗುಣವಾಗುತ್ತಿತ್ತು. ಅದು ನನ್ನ ಕಾಲಿನ ಗುಣವೆಂದು ಬಹಳ ವರ್ಷ ನಾನೂ ನಂಬಿದ್ದೆ. ನಿಜ ಸಂಗತಿ ಬೇರೆ. ಏಕಾಏಕಿ ಹಿಡಿದ ಟೊಂಕ ನೋವು ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ, ಬಹಳವಾದರೆ ಆರು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ನಾನು ಕಾಲು ಹಚ್ಚಿದರೂ ಅಷ್ಟೇ, ಹಚ್ಚದಿದ್ದರೂ ಅಷ್ಟೇ.

ಈ ನೋವು ಬರುವುದಾದರೂ ಎಲ್ಲಿಂದ? ಟೊಂಕದಲ್ಲಿ ಐದು ಮಣಕಾಗಳಿವೆ. ಎರಡು ಮಣಕಾಗಳ ನಡುವೆ ಗಾದಿಯಂಥ ಒಂದು ಡಿಸ್ಕು. ಸುತ್ತಲೂ ಸ್ನಾಯುಗಳು, ಪಕ್ಕದಿಂದ ಕಾಲಿಗೆ ಹೋಗುವ ನರಗಳು. ಬಗ್ಗಿ, ಭಾರವನ್ನು ಮೈಯಿಂದ ದೂರ ಹಿಡಿದು, ಅದರ ಮೇಲೆ ಟೊಂಕವನ್ನೂ ತಿರುವಿದರೆ ಎಲ್ಲ ಒತ್ತಡ ಆ ಗಾದಿಗಳ ಮೇಲೆ ಬೀಳುತ್ತದೆ. ಕಂಪ್ಯೂಟರ್ ಬರುವ ಮೊದಲು ಬ್ಯಾಂಕಿನಲ್ಲಿ ದಿನಾ ಮುಂಜಾನೆ ಲೆಜರುಗಳನ್ನು ಹೊರಗೆ ತೆಗೆದು, ಸಂಜೆ ಒಳಗೆ ಇಡಬೇಕಿತ್ತು. ಒಂದೊಂದೂ ಹಸುಗೂಸಿನಷ್ಟು ಭಾರ. ಹಸುಗೂಸನ್ನು ನಾವು ಎದೆಗೆ ಅವಚಿಕೊಂಡು ಎತ್ತುತ್ತೇವೆ. ಲೆಜರನ್ನು ಮಾತ್ರ ನಾನು ಕೈ ಚಾಚಿ, ಒಂದೇ ಕೈಯಲ್ಲಿ ಎಳೆದು ಎತ್ತುತ್ತಿದ್ದೆ. ಆಮೇಲೆ ಇಡೀ ದಿನ ಅದರ ಮೇಲೆಯೇ ಬಾಗಿ ಕುಳಿತಿರುತ್ತಿದ್ದೆ.

ನಿಮ್ಮ ಕೆಲಸ ನನ್ನದಕ್ಕಿಂತ ಕಠಿಣ. ಹಿಂಗಾರಿ ಜೋಳ ಕೀಳುವ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಗ್ಗಿದ ಟೊಂಕ ಬಗ್ಗಿದಂತೆಯೇ ಇರುತ್ತದೆ. ಸೋಲಾಪುರದಲ್ಲಿ ಬೀಡಿ ಕಟ್ಟುವ ಅಕ್ಕತಂಗಿಯರು ತೊಡೆಯ ಮೇಲೆ ಸೂಪು ಇಟ್ಟುಕೊಂಡು ಕತ್ತು ಎತ್ತದೆ ತಾಸುಗಟ್ಟಲೆ ಕೂಡುತ್ತಾರೆ. ಜತ್ತ ಕಡೆ ದಾಳಿಂಬೆ, ದ್ರಾಕ್ಷಿ ತೋಟದವರು ತುಂಬಿದ ಔಷಧದ ಪಂಪನ್ನು ಬೆನ್ನಿಗೆ ಹಾಕಿಕೊಂಡು ತಿರುಗುತ್ತಾರೆ. ಕೆಲಸ ಬಿಡಿರೆಂದು ಹೇಳಲು ನಾನು ಯಾರು? ಆದರೆ ತಾಸಿಗೊಮ್ಮೆ ಎದ್ದು ನಿಂತು ಹತ್ತು ಹೆಜ್ಜೆ ನಡೆಯಬಹುದು. ಚೀಲ ಎತ್ತುವಾಗ ಮೊಳಕಾಲು ಮಡಚಿ ಕುಳಿತು, ಮೈಗೆ ಒತ್ತಿಕೊಂಡು ಏಳಬಹುದು. ನೋವು ಬಂದರೆ ಹಾಸಿಗೆ ಹಿಡಿದು ಮಲಗುವುದು ಹಿಂದಿನ ಕಾಲದ ಸಲಹೆ. ಈಗ ಡಾಕ್ಟರು ಬಿಸಿ ಶಾಖ ಕೊಡಿ, ತಡೆಯುವಷ್ಟು ನಡೆದಾಡಿ ಅನ್ನುತ್ತಾರೆ. ಕಿರಾಣಿ ಅಂಗಡಿಯಿಂದ ನೋವಿನ ಗುಳಿಗೆ ತಂದು ತಿಂಗಳುಗಟ್ಟಲೆ ನುಂಗಬೇಡಿ. ಅದು ಹೊಟ್ಟೆ ಹುಣ್ಣು ಮಾಡುತ್ತದೆ, ಮೂತ್ರಪಿಂಡವನ್ನೂ ಕೆಡಿಸುತ್ತದೆ.

ಮೊದಲ ಲಕ್ಷಣಗಳು ಸಣ್ಣವಾಗಿರುತ್ತವೆ. ನೆಲದಿಂದ ಏಳುವಾಗ ಕೈ ತಾನಾಗಿ ಮೊಳಕಾಲಿಗೆ ಹೋಗುತ್ತದೆ. ಕೆಮ್ಮಿದರೆ, ಸೀನಿದರೆ ಟೊಂಕದಲ್ಲಿ ಚುಚ್ಚುತ್ತದೆ. ಕುಂಡಿಯಿಂದ ಮೀನಖಂಡದವರೆಗೆ ಒಂದೇ ಕಾಲಲ್ಲಿ ಸೆಳೆತ, ಜೋಮು. ನನ್ನ ಲಕ್ಷಣ ಚಪ್ಪಲಿಯಲ್ಲಿ ಕಾಣಿಸಿತು. 2004ರಲ್ಲಿ ಒಂದು ಸಂಜೆ ಬ್ಯಾಂಕಿನಿಂದ ಮನೆಗೆ ಬಂದು ನೋಡುತ್ತೇನೆ, ಎಡಗಾಲಲ್ಲಿ ಚಪ್ಪಲಿಯೇ ಇಲ್ಲ. ದಾರಿಯಲ್ಲಿ ಎಲ್ಲಿ ಜಾರಿತೋ ಕಾಲಿಗೆ ಗೊತ್ತಾಗಿರಲಿಲ್ಲ. ಮನೆಯಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುತ್ತಲೇ ನಾಲ್ಕು ತಿಂಗಳು ಕಳೆದೆ. ಡಿಸ್ಕು ಸರಿದು ನರವನ್ನು ಒತ್ತಿತ್ತು. ಎಡಗಾಲಿನ ಹೆಬ್ಬೆರಳು ಇಂದಿಗೂ ಅರ್ಧ ಮರಗಟ್ಟಿದೆ.

ಆದರೆ ನಾನು ಇಂದು ಬಂದದ್ದು ಅದನ್ನು ಹೇಳಲಿಕ್ಕಲ್ಲ.

1998ರಲ್ಲಿ ನಮ್ಮ ಓಣಿಯ ಮಾವಶಿ ಒಬ್ಬರು ಚಮಕ ಎಂದು ಬಂದರು. ಕಾಲು ಹಚ್ಚಿದೆ. ಎಂಟು ದಿನ ಬಿಟ್ಟು ಮತ್ತೆ ಬಂದರು. ಮೂರನೆಯ ಸಲ ಬಂದಾಗ, "ರಾತ್ರಿ ಮಲಗಿದರ ಹೆಚ್ಚಾಗತದಪ್ಪ, ಸಂಜೀಕ ಮೈ ಬೆಚ್ಚಗಾಗತದ" ಅಂದರು. ಕೈಯ ಬಳೆಗಳು ಮೊಳಕೈತನಕ ಜಾರುತ್ತಿದ್ದವು. ಅಷ್ಟು ಸೊರಗಿದ್ದರು. ಅದನ್ನು ಕಣ್ಣಾರೆ ನೋಡಿಯೂ ನಾನು ಕಾಲು ಹಚ್ಚಿದೆ. ಕಾಲಲ್ಲಿ ಶಕ್ತಿ ಹೋಗಿ ನಿಲ್ಲಲಾಗದಾದಾಗ ಮಕ್ಕಳು ಸೋಲಾಪುರಕ್ಕೆ ಒಯ್ದರು. ಬೆನ್ನಿನ ಮಣಕಾಕ್ಕೆ ಕ್ಷಯ, ಅಂದರೆ ಟಿ.ಬಿ., ತಗುಲಿತ್ತು. ಒಳಗೆ ಸವೆಯುತ್ತಿದ್ದ ಎಲುಬಿನ ಮೇಲೆ ನಾನು ಮೂರು ಸಲ ಕಾಲಿಟ್ಟಿದ್ದೆ.

ಟಿ.ಬಿ. ಎಂದರೆ ಕೆಮ್ಮು ಇರಲೇಬೇಕೆಂದು ನಾವು ತಿಳಿದಿದ್ದೇವೆ. ಬೆನ್ನಿನ ಟಿ.ಬಿ.ಗೆ ಕೆಮ್ಮು ಬೇಕಿಲ್ಲ. ವಾರಗಟ್ಟಲೆ ಬಿಡದೆ ಏರುತ್ತ ಹೋಗುವ ನೋವು, ರಾತ್ರಿ ನಿದ್ದೆ ಕೆಡಿಸುವುದು, ಸಂಜೆಯ ಜ್ವರ, ಬೆವರು, ಮೈ ಇಳಿಯುವುದು, ಬೆನ್ನಿನ ನಡುವೆ ಗಂಟಿನಂತೆ ಎಲುಬು ಎದ್ದು ಕಾಣುವುದು: ಇವುಗಳನ್ನು ನೋಡಿ. ಸರಕಾರಿ ದವಾಖಾನೆಯಲ್ಲಿ ಕ್ಷಯದ ತಪಾಸಣೆ, ಔಷಧ ಎರಡೂ ಉಚಿತ. ಗುಳಿಗೆಯನ್ನು ವರ್ಷವಿಡೀ, ಕೆಲವರಿಗೆ ಇನ್ನೂ ಹೆಚ್ಚು ಕಾಲ, ತಪ್ಪದೆ ತೆಗೆದುಕೊಳ್ಳಬೇಕಾಗುತ್ತದೆ. ಮಾವಶಿ ತೆಗೆದುಕೊಂಡರು, ಬದುಕಿದರು. ಬೆನ್ನಿನ ಗೂನು ಮಾತ್ರ ಹೋಗಲಿಲ್ಲ. ನನ್ನನ್ನು ಒಂದು ಮಾತು ಅನ್ನಲಿಲ್ಲ. ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಡಲು ಕೋಲೂರಿಕೊಂಡು ಬಂದರು. ನಾನು ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ.

ಇನ್ನೂ ಒಂದೆರಡು ಮಾತು. ಟೊಂಕ ನೋವಿನ ಜೊತೆ ಮೂತ್ರ ಕಟ್ಟಿದರೆ ಅಥವಾ ಅರಿವಿಲ್ಲದೆ ಹೋದರೆ, ಕುಳಿತುಕೊಳ್ಳುವ ಜಾಗ ಜೋಮು ಹಿಡಿದರೆ, ನಾಳೆ ನೋಡೋಣ ಎನ್ನಬೇಡಿ. ಅದೇ ದಿನ ದೊಡ್ಡ ದವಾಖಾನೆಗೆ ಹೋಗಬೇಕು. ವಯಸ್ಸಾದವರು ಬಚ್ಚಲಲ್ಲಿ ಜಾರಿ ಕುಳಿತ ಮೇಲೆ ನೋವೆಂದರೆ ಎಲುಬು ಕುಸಿದಿರಬಹುದು, ತಿಕ್ಕಲು ಹೋಗಬೇಡಿ. ಹರೆಯದ ಹುಡುಗನಿಗೆ ತಿಂಗಳುಗಟ್ಟಲೆ ಬೆಳಗಿನಲ್ಲಿ ಟೊಂಕ ಸೆಟೆದು, ಅಡ್ಡಾಡಿದ ಮೇಲೆ ಸಡಿಲವಾಗುತ್ತಿದ್ದರೆ ಅದು ಮೈಗಳ್ಳತನವಲ್ಲ, ಕೀಲುಗಳ ಒಂದು ಬೇನೆ ಇರಬಹುದು. ಅವನನ್ನು ಬಯ್ಯುವ ಮೊದಲು ಡಾಕ್ಟರಿಗೆ ತೋರಿಸಿ.

ಜನ ಈಗಲೂ ಬರುತ್ತಾರೆ. ಬೇಡವೆಂದರೆ ಅವರಿಗೆ ಬೇಸರ. ಆದ್ದರಿಂದ ಮೊದಲು ಹೊರಸಿನ ಮೇಲೆ ಕೂಡಿಸಿ ಕೇಳುತ್ತೇನೆ: ಎಷ್ಟು ದಿನ ಆಯ್ತು, ಜ್ವರ ಬರತದೇನು, ರಾತ್ರಿ ನಿದ್ದಿ ಹತ್ತತದೇನು, ಕಾಲು ಜೋಮು ಹಿಡಿತದೇನು, ಮೂತ್ರ ಸರಿ ಆಗತದೇನು? ಎಲ್ಲ ಸರಿ ಇದ್ದರೆ ಹಗುರಾಗಿ ಕಾಲು ತಾಗಿಸಿ, ನಮಸ್ಕಾರ ಮಾಡಿ ಕಳಿಸುತ್ತೇನೆ. ಇಲ್ಲದಿದ್ದರೆ ಚಪ್ಪಲಿ ಮೆಟ್ಟಿಕೊಂಡು ಅವರ ಜೊತೆ ಬಸ್ ಸ್ಟ್ಯಾಂಡಿನವರೆಗೆ ನಡೆದು, ಸೋಲಾಪುರದ ಗಾಡಿಗೆ ಹತ್ತಿಸಿ ಬರುತ್ತೇನೆ.