ಯುಲಿಪ್ ಜಗಳದಲ್ಲಿ ಗೆದ್ದವರು ಯಾರು?



ಹಣಕಾಸು ನಿಯಂತ್ರಣದ ಬಗ್ಗೆ ಮಾತಾಡಿ ಎಂದು ಸಂಘದವರು ಕೇಳಿದರು. ಷೇರು ಪೇಟೆಯ ನಿಯಂತ್ರಕ ಸೆಬಿ ಹುಟ್ಟಿದ್ದು 1988ರಲ್ಲಿ, ಅದಕ್ಕೆ ಕಾನೂನಿನ ಬಲ ಬಂದದ್ದು ಹರ್ಷದ್ ಮೆಹ್ತಾ ಹಗರಣದ ವರ್ಷ, 1992ರಲ್ಲಿ. ಇತಿಹಾಸ ಇಷ್ಟು ಸಾಕು, ಉಳಿದದ್ದು ಪುಸ್ತಕಗಳಲ್ಲಿದೆ. ನಾನು ಬಹಳ ಕಾಲದಿಂದ ಒಂದು ಜಗಳದ ಬೆನ್ನು ಹತ್ತಿದ್ದೇನೆ. ನನ್ನ ಮಾತು ಕೇಳಿ ಅಭ್ಯಾಸವಿರುವವರು ಮುಂದಿನ ಸಾಲಿನಲ್ಲಿ ಆಗಲೇ ನಗುತ್ತಿದ್ದಾರೆ.

2010ರ ಏಪ್ರಿಲ್ 9ರಂದು ಯುಲಿಪ್ ಎಂಬ, ಹೂಡಿಕೆಯೂ ಬೆರೆತ ವಿಮಾ ಪಾಲಿಸಿಯ ಬಗ್ಗೆ ಸೆಬಿ ಒಂದು ಆದೇಶ ಹೊರಡಿಸಿತು. ಯುಲಿಪ್‌ಗೆ ಕಟ್ಟುವ ಕಂತಿನಲ್ಲಿ ಹೆಚ್ಚಿನ ಪಾಲು ಷೇರು ಪೇಟೆಗೆ ಹೋಗುತ್ತದೆ, ಆದ್ದರಿಂದ ನಮ್ಮಲ್ಲಿ ನೋಂದಣಿ ಮಾಡಿಸದೆ 14 ವಿಮಾ ಕಂಪನಿಗಳು ಅದನ್ನು ಮಾರಕೂಡದು ಎಂದು. ಮರುದಿನವೇ ವಿಮಾ ನಿಯಂತ್ರಕ ಐಆರ್‌ಡಿಎ ಅದೇ ಕಂಪನಿಗಳಿಗೆ, ಆ ಆದೇಶವನ್ನು ಪಕ್ಕಕ್ಕಿಟ್ಟು ವ್ಯಾಪಾರ ಮುಂದುವರಿಸಿ ಎಂದಿತು. ಎರಡೂ ಸಂಸತ್ತು ಮಾಡಿದ ಕಾನೂನಿನಿಂದ ಅಧಿಕಾರ ಪಡೆದ ಸಂಸ್ಥೆಗಳು. ಕೊನೆಗೆ ಜೂನ್ 18ರಂದು ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು, ಯುಲಿಪ್ ವಿಮೆಯೇ, ಅದು ಐಆರ್‌ಡಿಎಗೆ ಸೇರಿದ್ದು ಎಂದು ತೀರ್ಮಾನಿಸಿತು. ಪತ್ರಿಕೆಗಳಲ್ಲಿ ಸೆಬಿ ಸೋತಿತು ಎಂದೇ ಬಂತು.

ಯಾರ ಎಲ್ಲೆ ಎಲ್ಲಿಯವರೆಗೆ ಎಂಬ ತಕರಾರಾಗಿ ಇದನ್ನು ಓದಿದರೆ ಅಸಲು ಸಂಗತಿ ಕೈತಪ್ಪುತ್ತದೆ ಎನ್ನುವುದು ನನ್ನ ವಾದ. ಸೆಬಿಯ ಆ ಆದೇಶಕ್ಕಿಂತ ಎಂಟು ತಿಂಗಳು ಹಿಂದಕ್ಕೆ ಹೋಗಿ. 2009ರ ಆಗಸ್ಟ್ 1ರಿಂದ ಸೆಬಿ ಮ್ಯೂಚುವಲ್ ಫಂಡ್‌ಗಳ ಎಂಟ್ರಿ ಲೋಡನ್ನು ತೆಗೆದುಹಾಕಿತ್ತು. ಅಲ್ಲಿಯವರೆಗೆ ಷೇರು ಫಂಡಿಗೆ ನೂರು ರೂಪಾಯಿ ಹಾಕಿದರೆ ಎರಡೂಕಾಲು ರೂಪಾಯಿಯಷ್ಟು ಮೊದಲೇ ಕಡಿತವಾಗಿ, ಮಾರಿದವನ ಖರ್ಚಿಗೆ ಹೋಗುತ್ತಿತ್ತು. ಅದು ನಿಂತಿತು. ಯುಲಿಪ್‌ನಲ್ಲಿ ಮಾತ್ರ ಮೊದಲ ವರ್ಷದ ಕಂತಿನಿಂದ ದಂಡಿಯಾಗಿ ಕಮಿಷನ್ ಸಿಗುತ್ತಲೇ ಇತ್ತು. ನೀರು ತಗ್ಗಿಗೆ ಹರಿದಂತೆ ಮಾರುವವರು ಅತ್ತ ಹರಿದರು. ಹಣ ಹೋಗುವುದು ಅದೇ ಪೇಟೆಗೆ, ಕೊಳ್ಳುವವನೂ ಅವನೇ. ಮಾರಿದವನಿಗೆ ಸಿಗುವುದು ಮಾತ್ರ ಬೇರೆ.

ಇಲ್ಲಿ ನನ್ನ ಮೇಷ್ಟ್ರ ನೆನಪು ಬರುತ್ತದೆ. ಬಿ.ಕಾಂ.ನಲ್ಲಿ ನಮಗೆ ಬ್ಯಾಂಕಿಂಗ್ ಪಾಠ ಮಾಡಿದವರು, ಕರಾವಳಿಯವರು. ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಎಂದರೆ ಅವರಿಗೆ ಎಲ್ಲಿಲ್ಲದ ಪ್ರೀತಿ. 1928ರಲ್ಲಿ ದಿನಕ್ಕೆ ಎರಡಾಣೆಯಿಂದ ಶುರುವಾದ ಆ ಯೋಜನೆಯನ್ನು ಪರೀಕ್ಷೆಗೆ ಬರಲಿ ಬಿಡಲಿ ಪ್ರತಿವರ್ಷ ಹೇಳುತ್ತಿದ್ದರು. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ, "ಸಾರ್, ಪಿಗ್ಮಿ ಏಜೆಂಟನಿಗೂ ಕಮಿಷನ್ ಉಂಟಲ್ಲ, ಅವನು ಮೋಸ ಮಾಡುವುದಿಲ್ಲವಾ?" ಎಂದ. ಮೇಷ್ಟ್ರು ಹೇಳಿದರು: "ಮಾರಾಯ, ಅವನು ನಾಳೆ ಬೆಳಿಗ್ಗೆ ಪುನಃ ಅದೇ ಅಂಗಡಿಯ ಎದುರು ನಿಲ್ಲಬೇಕು."

ಈಗಿನ ಬ್ಯಾಂಕ್ ಶಾಖೆ ನೋಡಿ. ಎಫ್‌ಡಿ ನವೀಕರಿಸಲು ಹೋದ ನಿವೃತ್ತ ಶಿಕ್ಷಕಿಯನ್ನು ಒಳಗೆ ಕೂರಿಸಿ, ಕಾಫಿ ತರಿಸಿ, "ಮೇಡಂ, ಇದಕ್ಕಿಂತ ಒಳ್ಳೆಯದೊಂದಿದೆ" ಎನ್ನುತ್ತಾರೆ. ಐದು ವರ್ಷ ಕಟ್ಟಬೇಕಾದ ಪಾಲಿಸಿ ಅದು ಎಂದು ತಿಳಿಯುವುದು ಎರಡನೆಯ ಕಂತಿನ ನೋಟಿಸು ಬಂದಾಗ. ಮಾರಿದ ಅಧಿಕಾರಿಗೆ ಅಷ್ಟರಲ್ಲಿ ವರ್ಗವಾಗಿರುತ್ತದೆ. ಅವರಿಗೂ ಮೇಲಿನಿಂದ ಟಾರ್ಗೆಟ್ ಇತ್ತು, ಅವರನ್ನು ಬೈದು ಪ್ರಯೋಜನವಿಲ್ಲ. ಆದರೆ ದೂರು ಕೊಡುವುದೆಲ್ಲಿ? ಮಾರಿದ್ದು ಬ್ಯಾಂಕು, ಅದು ರಿಸರ್ವ್ ಬ್ಯಾಂಕಿಗೆ ಸೇರಿದ್ದು. ಮಾರಿದ್ದು ವಿಮೆ, ಅದಕ್ಕೆ ವಿಮಾ ಓಂಬುಡ್ಸ್‌ಮನ್. ಹಣ ನಿಂತಿರುವುದು ಷೇರು ಪೇಟೆಯಲ್ಲಿ, ಆ ಪೇಟೆಗೆ ಒಡೆಯ ಸೆಬಿ.

ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಆಯೋಗ 2013ರಲ್ಲಿ ಒಂದು ದಾರಿ ತೋರಿಸಿತು. ಸೆಬಿ, ಐಆರ್‌ಡಿಎ, ಪಿಂಚಣಿ ನಿಯಂತ್ರಕ, ಸರಕು ವಾಯಿದೆ ಪೇಟೆಯ ಆಯೋಗ, ಇವೆಲ್ಲ ಸೇರಿ ಒಂದೇ ಸಂಸ್ಥೆಯಾಗಲಿ. ಗ್ರಾಹಕರ ದೂರಿಗೆ ಬಾಗಿಲೂ ಒಂದೇ ಇರಲಿ ಎಂದಿತು. ಕೂಡಿದ್ದು ಇಷ್ಟೇ: 2015ರಲ್ಲಿ ವಾಯಿದೆ ಪೇಟೆಯ ಆಯೋಗ ಸೆಬಿಯೊಳಗೆ ವಿಲೀನವಾಯಿತು.

ಬ್ರಿಟನ್ನಿನಲ್ಲಿ 2013ರ ಏಪ್ರಿಲ್ 1ರಿಂದ ಎಫ್‌ಸಿಎ ಎಂಬ ನಿಯಂತ್ರಕ ಸಂಸ್ಥೆ ಇದೆ. ಬ್ಯಾಂಕಾಗಲಿ ವಿಮೆಯಾಗಲಿ ಫಂಡಾಗಲಿ, ಗ್ರಾಹಕನ ಜೊತೆ ಹೇಗೆ ನಡೆದುಕೊಂಡಿರಿ ಎಂದು ಕೇಳುವುದೇ ಅದರ ಮುಖ್ಯ ಕೆಲಸ. ಸಾಲದ ಜೊತೆಗೆ ಅಲ್ಲಿನ ಬ್ಯಾಂಕುಗಳು ಗಂಟುಹಾಕಿದ್ದ ಪಿಪಿಐ ಎಂಬ ವಿಮೆಗೆ ಒಟ್ಟು ಸುಮಾರು 3,800 ಕೋಟಿ ಪೌಂಡ್ ಪರಿಹಾರ ತೆರಬೇಕಾಯಿತು. 2019ರ ಆಗಸ್ಟ್ 29ರೊಳಗೆ ಅರ್ಜಿ ಹಾಕಿ ಎಂದು ಜನರಿಗೆ ನೆನಪಿಸಲು ಎಫ್‌ಸಿಎ ಮಾಡಿಸಿದ ಜಾಹೀರಾತಿನಲ್ಲಿ ನಟ ಅರ್ನಾಲ್ಡ್ ಶ್ವಾರ್ಜ್‌ನೆಗರ್‌ನ ಯಾಂತ್ರಿಕ ತಲೆಯೊಂದು ಕೂಗುತ್ತಿತ್ತು! ನಮ್ಮ ನಿಯಂತ್ರಕರಿಗೆ ಅಷ್ಟು ತಮಾಷೆ ಒಗ್ಗುವುದಿಲ್ಲ.

ಇಷ್ಟು ಹೇಳಿ ಚಪ್ಪಾಳೆ ಗಿಟ್ಟಿಸಬಹುದು. ಆದರೆ ಅದೇ ಎಫ್‌ಸಿಎಯ ಕಣ್ಣೆದುರೇ ಲಂಡನ್ ಕ್ಯಾಪಿಟಲ್ ಆ್ಯಂಡ್ ಫೈನಾನ್ಸ್ ಎಂಬ ಕಂಪನಿ ಸುಮಾರು 11,600 ಜನರಿಗೆ ಬಾಂಡುಗಳನ್ನು ಮಾರಿ 2019ರಲ್ಲಿ ಮುಳುಗಿತು. ತನಿಖೆ ನಡೆಸಿದ ಡೇಮ್ ಎಲಿಜಬೆತ್ ಗ್ಲಾಸ್ಟರ್ ಅವರ ವರದಿ ನಿಯಂತ್ರಕರನ್ನೇ ಕಟುವಾಗಿ ಟೀಕಿಸಿತು. ಆ ಕಂಪನಿ ಎಫ್‌ಸಿಎ ಮಾನ್ಯತೆಯನ್ನು ತೋರಿಸಿಕೊಂಡೇ ವ್ಯಾಪಾರ ಮಾಡಿತ್ತು, ಬಾಂಡುಗಳು ಮಾತ್ರ ಆ ಸಂಸ್ಥೆಯ ಹತೋಟಿಯ ಹೊರಗಿದ್ದವು. ಬಾಗಿಲು ಒಂದೇ ಇದ್ದರೂ ಒಳಗಿನವರು ಎದ್ದಿರಬೇಕಲ್ಲ.

ಹಾಗಾದರೆ ನಮಗೆ ಬೇಕಾದದ್ದು ಒಂದೇ ಸಂಸ್ಥೆಯೋ, ಒಂದೇ ನಿಯಮವೋ? ಒಂದೇ ಥರದ ಸರಕಿಗೆ ಕಮಿಷನ್ ಒಂದೇ ಎಂದು ಎಲ್ಲ ನಿಯಂತ್ರಕರೂ ಒಪ್ಪಿದರೆ ಅವರು ನಾಲ್ಕಿದ್ದರೇನು? ಕಮಿಷನ್ ಪೂರ್ತಿ ನಿಂತರೆ ಹಳ್ಳಿಗೆ ಹೋಗಿ ವಿಮೆ ಮಾಡಿಸುವವರು ಯಾರು? 2010ರ ಸೆಪ್ಟೆಂಬರಿನಲ್ಲಿ ಐಆರ್‌ಡಿಎ ತಾನೇ ಯುಲಿಪ್ ಶುಲ್ಕಗಳಿಗೆ ಮಿತಿ ಹಾಕಿ, ಹಣ ತೆಗೆಯಲಾಗದ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಹಾಗಿದ್ದರೆ ಆ ಜಗಳದಲ್ಲಿ ಸೋತ ಸೆಬಿಯೇ ಗೆದ್ದಿತು ಅನ್ನಬೇಕೇ? ಶ್ರೀಕೃಷ್ಣ ವರದಿ ಓದುವಾಗ ನಾನು ಒಂದೇ ಸಂಸ್ಥೆಯ ಪಕ್ಷ. ಗ್ಲಾಸ್ಟರ್ ವರದಿ ಓದುವಾಗ ಅಲ್ಲ.

ಅದು ತೀರ್ಮಾನವಾಗುವವರೆಗೆ ನಿಮ್ಮಲ್ಲಿ ಒಂದು ವಿನಂತಿ. ಪಾಲಿಸಿ ಕೈಗೆ ಬಂದ 30 ದಿನಗಳೊಳಗೆ ಅದನ್ನು ಹಿಂದಿರುಗಿಸುವ ಹಕ್ಕು ನಿಮಗಿದೆ, ಸಣ್ಣಪುಟ್ಟ ಕಡಿತ ಬಿಟ್ಟು ಹಣ ವಾಪಸ್ಸು ಬರುತ್ತದೆ. ಇವತ್ತು ಮನೆಗೆ ಹೋದವರೇ ಬೀರುವಿನಲ್ಲಿರುವ ಹೊಸ ಪಾಲಿಸಿಯ ತಾರೀಖು ನೋಡಿ.