ಹಲ್ಲಿನ ಸಂದಿನ ಸಣ್ಣ ಕಿರುಕುಳ

ಹಲ್ಲುನೋವು ಬಂದವನು ಮನೆಯವರನ್ನೆಲ್ಲ ಎಬ್ಬಿಸುತ್ತಾನೆ. ವಸಡು ಕೆರಳಿದವನು ಯಾರಿಗೂ ಹೇಳುವುದಿಲ್ಲ. ಎರಡು ಹಲ್ಲುಗಳ ನಡುವೆ ಮುಕ್ಕೋಣವಾಗಿ ನಿಂತಿರುವ ಅಷ್ಟೇ ಅಷ್ಟು ಮಾಂಸ ಕೆಂಪೇರುತ್ತದೆ. ಕಡ್ಡಿ ತಾಗಿದರೆ ಚುರುಗುಟ್ಟುತ್ತದೆ. ಬೆಳಗ್ಗೆ ಉಗುಳಿನಲ್ಲಿ ಒಂದೆಳೆ ರಕ್ತ ಕಾಣುತ್ತದೆ. ನಾಲ್ಕು ದಿನ ಅಡಗಿದ್ದು ಮತ್ತೆ ತಲೆಯೆತ್ತುತ್ತದೆ. ವೈದ್ಯರಲ್ಲಿಗೆ ಹೋಗುವಷ್ಟು ದೊಡ್ಡದಲ್ಲ, ಮರೆತುಬಿಡುವಷ್ಟು ಚಿಕ್ಕದೂ ಅಲ್ಲ. ಶ್ರೋತೃಗಳೇ, ಈ ಹೊತ್ತು ನಾವು ಮಾತನಾಡಹೊರಟಿರುವುದು ಇದನ್ನು ಕುರಿತು.

ನಮಗೂ ಇದರ ಪರಿಚಯವುಂಟು. ಒಂದು ಮಾವಿನ ಕಾಲದಲ್ಲಿ ನಮ್ಮ ಎಡದವಡೆಯ ಸಂದಿನಲ್ಲಿ ನಾರೊಂದು ಸಿಕ್ಕಿಕೊಂಡಿತು. ಮೊದಲು ಕಡ್ಡಿಯಿಂದ ಕೆದಕಿದೆವು. ಆಮೇಲೆ, ನಾಚಿಕೆಯಾದರೂ ಹೇಳಬೇಕು, ಕಾಗದಕ್ಕೆ ಚುಚ್ಚುವ ಗುಂಡುಪಿನ್ನಿನಿಂದ! ರಕ್ತ ಬಂದಿತು. ಗಾಯವಾಗಿದೆ, ಮುಟ್ಟಬಾರದು ಎಂದುಕೊಂಡು ಆ ಕಡೆ ಅಗಿಯುವುದನ್ನೂ ಉಜ್ಜುವುದನ್ನೂ ಬಿಟ್ಟೆವು. ಲವಂಗದೆಣ್ಣೆ ಸವರಿದೆವು, ನೋವು ಅಡಗಿತು, ಊತ ಅಡಗಲಿಲ್ಲ. ಕರುಣೆಯೆಂದು ನಾವು ಮಾಡಿದ್ದೇ ಆ ವಸಡಿಗೆ ಅಪಕಾರವಾಗಿತ್ತು.

ಅದು ಹೇಗೆಂದರೆ: ಹಾಲೆಂಡಿನ ಡೆಲ್ಫ್ಟ್ ನಗರದಲ್ಲಿ ಲೇವನ್‌ಹುಕ್ ಎಂಬಾತನಿದ್ದನು. ತಾನೇ ಮಸೂರಗಳನ್ನು ಉಜ್ಜಿ ಸೂಕ್ಷ್ಮದರ್ಶಕಗಳನ್ನು ಮಾಡಿಕೊಳ್ಳುತ್ತಿದ್ದವನು. ನಿತ್ಯವೂ ಉಪ್ಪಿನಿಂದ ಹಲ್ಲುಜ್ಜಿ, ಬಾಯಿ ಮುಕ್ಕಳಿಸಿ, ಬಟ್ಟೆಯಿಂದ ತಿಕ್ಕುವುದು ಆತನ ಪದ್ಧತಿ. ಆದರೂ ಹಲ್ಲಿನ ಸಂದುಗಳಲ್ಲಿ ಕಲಸಿದ ಹಿಟ್ಟಿನಂತಹ ಬಿಳಿಯ ಪದಾರ್ಥ ಉಳಿದಿತ್ತು. ಅದನ್ನು ಮಳೆಯ ನೀರಿನಲ್ಲಿ ಬೆರಸಿ ನೋಡಿದರೆ ಓಡಾಡುವ ಅಣುಜೀವಿಗಳು! ಇದನ್ನು 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದನು. ಅಷ್ಟು ಶುಚಿಯಾದವನ ಬಾಯಲ್ಲೇ ಹೀಗಾದರೆ ನಮ್ಮ ಪಾಡೇನು? ಆ ಬಿಳಿಯ ಲೇಪವೇ ವಸಡನ್ನು ಕೆರಳಿಸುತ್ತದೆ. 1965ರಲ್ಲಿ ಡೆನ್ಮಾರ್ಕಿನಲ್ಲಿ ಲೋ ಎಂಬ ದಂತವಿಜ್ಞಾನಿಯೂ ಆತನ ಸಂಗಡಿಗರೂ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ವಸಡು ನೆಟ್ಟಗಿದ್ದ 12 ಮಂದಿ ಹಲ್ಲುಜ್ಜುವುದನ್ನೇ ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಕೆರಳಿತು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಆದಕಾರಣ ಸಂದಿನಲ್ಲಿ ರಕ್ತ ಕಂಡರೆ ಶುಚಿಮಾಡುವುದನ್ನು ಬಿಡತಕ್ಕದ್ದಲ್ಲ. ಮೆಲ್ಲನೆ, ಆದರೆ ತಪ್ಪದೆ ಮಾಡತಕ್ಕದ್ದು.

ಬ್ರಷ್ಷಾಗಲಿ ಬೇವಿನ ಕಡ್ಡಿಯಾಗಲಿ ಸಂದಿನೊಳಗೆ ಹೋಗಲಾರದು. ಅಲ್ಲಿಗೆ ಹೋಗುವುದು ನೂಲು. ಅಮೆರಿಕದ ಪಾರ್ಮ್ಲಿ ಎಂಬ ದಂತವೈದ್ಯನು 1819ರ ತನ್ನ ಪುಸ್ತಕದಲ್ಲೇ ಮೇಣ ಸವರಿದ ರೇಷ್ಮೆದಾರವನ್ನು ಹೇಳಿದ್ದಾನೆ. ಈಗ ಇದಕ್ಕೆಂದೇ ಮಾಡಿದ ನೂಲು ಔಷಧದ ಅಂಗಡಿಗಳಲ್ಲಿ ದೊರೆಯುತ್ತದೆ. ಅದನ್ನು ಗರಗಸದಂತೆ ಎಳೆದಾಡಕೂಡದು. ನಿಧಾನವಾಗಿ ಸಂದಿಗೆ ಇಳಿಸಿ, ಒಂದು ಹಲ್ಲಿನ ಪಕ್ಕವನ್ನು ಬಳಸುವಂತೆ ಬಾಗಿಸಿ, ಮೇಲಕ್ಕೂ ಕೆಳಕ್ಕೂ ಸವರಬೇಕು. ಆಮೇಲೆ ಎದುರಿನ ಹಲ್ಲಿಗೂ ಹಾಗೆಯೇ. ಸಂದು ಅಗಲವಾಗಿದ್ದರೆ ಅಲ್ಲಿಗೆ ಹೊಂದುವ ಕಿರುಬ್ರಷ್ಷು ಮೇಲು. ಮೊದಲ ದಿನಗಳಲ್ಲಿ ರಕ್ತ ಬಂದೀತು, ಹೆದರಬೇಕಾದ್ದಿಲ್ಲ. ಬೆಚ್ಚನೆಯ ಉಪ್ಪುನೀರು ಮುಕ್ಕಳಿಸಿದರೆ ಹಿತವೆನಿಸುತ್ತದೆ, ಆದರೆ ಅದು ಲೇಪವನ್ನು ಕೀಳುವುದಿಲ್ಲ.

ಎರಡು ವಾರವಾದರೂ ಒಂದೇ ಸಂದು ಪಟ್ಟುಹಿಡಿದಿದ್ದರೆ ಆ ಜಾಗದಲ್ಲೇ ಏನೋ ಕಾರಣವಿರಬೇಕು. ಲೇಪವು ಗಾರೆಯಂತೆ ಗಟ್ಟಿಯಾಗಿ ಅಂಟಿರಬಹುದು. ಅದು ನೂಲಿಗೆ ಬಗ್ಗುವುದಿಲ್ಲ. ಹಲ್ಲುಗಳು ಒಂದನ್ನೊಂದು ತಾಗದೆ ಊಟದ ಚೂರು ಪ್ರತಿಸಲವೂ ನುಗ್ಗುತ್ತಿರಬಹುದು. ಕೀವು, ಬಾವು, ಹಲ್ಲಿನ ಅಲುಗಾಟ ಕಂಡರಂತೂ ದಿನ ಎಣಿಸಬಾರದು. ಸಕ್ಕರೆ ಕಾಯಿಲೆಯುಳ್ಳವರು ಇನ್ನೂ ಎಚ್ಚರವಾಗಿರಬೇಕು. ಕೆರಳಿದ ವಸಡು ಮೊದಲಿನಂತಾಗುತ್ತದೆ. ಅದರಡಿಯ ಎಲುಬು ಕರಗಿದರೆ ತಾನಾಗಿ ಬೆಳೆಯದು. ಆ ಕರಗುವಿಕೆ ಬಹುಮಟ್ಟಿಗೆ ನೋವಿಲ್ಲದೆಯೇ ನಡೆಯುತ್ತದೆ.

ಮೂರು ತಿಂಗಳು ಕಳೆದ ಮೇಲೆ ನಾವೂ ದಂತವೈದ್ಯರಲ್ಲಿಗೆ ಹೋದೆವು. ಹಿಂದೆ ಎಂದೋ ಹಲ್ಲಿಗೆ ತುಂಬಿಸಿದ್ದ ಸಿಮೆಂಟಿನ ಅಂಚು ಸಂದಿಗೆ ಚಾಚಿಕೊಂಡಿತ್ತು. ನಾರು ಸಿಕ್ಕುತ್ತಿದ್ದುದು ಅಲ್ಲಿ. ಅವರು ಅದನ್ನು ತೀಡಿ ನಯಮಾಡಿದರು. ಹತ್ತನೆಯ ದಿನ ನೂಲು ಬೆಳ್ಳಗೆ ಹೊರಗೆ ಬಂದಿತು. ಈಗ ನೂಲಿನ ಡಬ್ಬಿ ಬಚ್ಚಲಮನೆಯ ಗೂಡಿನಲ್ಲಿದೆ. ಗುಂಡುಪಿನ್ನು ಮೇಜಿನ ಮೇಲಿನ ಕಾಗದಗಳಿಗೆ ಮರಳಿದೆ.